ಅಡುಗೆಮನೆ ಇಕ್ಕಟ್ಟಾ? ಗೋಡೆಗೆ ಮಡಚೋ ಟೇಬಲ್ ಹಾಕಿಸುವ ಮುನ್ನ ಇಷ್ಟು ತಿಳ್ಕೊಳ್ಳಿ

ತಿಪಟೂರು: ವಠಾರದ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದ್ರೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಕಟ್ಟೆ ಮೇಲೆ ಸ್ಟವ್, ಮಿಕ್ಸಿ, ಪಾತ್ರೆ ಬುಟ್ಟಿ ಇಟ್ಟ ಮೇಲೆ ತರಕಾರಿ ಹೆಚ್ಚೋಕೆ, ಕಾಯಿ ತುರಿಯೋಕೆ ನೆಲವೇ ಗತಿ. ಮಂಡಿ ನೋವಿರುವ ಹಿರಿಯರಿಗೆ ದಿನಕ್ಕೆ ನಾಲ್ಕು ಸಲ ನೆಲದಲ್ಲಿ ಕೂತು ಏಳೋದೇ ದೊಡ್ಡ ಕೆಲಸ. ಇಂಥ ಮನೆಗಳಿಗೆ ಗೋಡೆಗೆ ಮಡಚಿಡುವ ಟೇಬಲ್ ಒಳ್ಳೆ ದಾರಿ. ಆದ್ರೆ ಸರಿಯಾಗಿ ಕೂರಿಸದಿದ್ರೆ ಬಿಸಿ ಸಾರಿನ ಪಾತ್ರೆ ಸಮೇತ ಕೆಳಗೆ ಬರುತ್ತೆ.

ಎಷ್ಟು ಜಾಗ ಉಳಿಯುತ್ತೆ?

ಲೆಕ್ಕ ಸುಲಭ. 8 ಅಡಿ ಉದ್ದ, 6 ಅಡಿ ಅಗಲದ ಅಡುಗೆಮನೆ ಅಂದ್ರೆ 48 ಚದರ ಅಡಿ. ಉದ್ದದ ಗೋಡೆಗೆ 2 ಅಡಿ ಅಗಲದ ಕಟ್ಟೆ ಇದ್ದರೆ 16 ಚದರ ಅಡಿ ಹೋಯ್ತು, ಓಡಾಡೋಕೆ ಉಳಿದಿದ್ದು 32. ಅದರಲ್ಲಿ 3x2 ಅಡಿಯ ಮಾಮೂಲಿ ಟೇಬಲ್ ಇಟ್ಟರೆ ಇನ್ನೂ 6 ಚದರ ಅಡಿ ದಿನವಿಡೀ ಕಟ್ಟಿಹೋಗುತ್ತೆ. ಅದೇ ಅಳತೆಯ ಮಡಚೋ ಟೇಬಲ್ ಮಡಚಿದಾಗ ಗೋಡೆಯಿಂದ ಮೂರ್ನಾಲ್ಕು ಇಂಚು ಮಾತ್ರ ಮುಂದೆ ಬರುತ್ತೆ. ಅಂದ್ರೆ ಹೆಚ್ಚಂದ್ರೆ 1 ಚದರ ಅಡಿ. ಕೆಲಸ ಮುಗಿದ ಮೇಲೆ ಒರೆಸಿ ಮಡಚಿದ್ರೆ ನೆಲ ಗುಡಿಸೋದೂ ಸಲೀಸು.

ಎತ್ತರ, ಮರ

ಕುರ್ಚಿಯಲ್ಲಿ ಕೂತು ಹೆಚ್ಚೋದಾದ್ರೆ ನೆಲದಿಂದ ಸುಮಾರು 30 ಇಂಚು ಎತ್ತರ ಸಾಕು. ನಿಂತು ಮಾಡೋದಾದ್ರೆ ಅಡುಗೆ ಕಟ್ಟೆಯ ಮಟ್ಟಕ್ಕೇ ಹಾಕಿಸಿ. ಬಡಗಿ ಬರೋ ಮೊದಲೇ ಹೆಚ್ಚು ಕೆಲಸ ಮಾಡೋರನ್ನ ಕೂರಿಸಿ, ನಿಲ್ಲಿಸಿ ಅಳತೆ ತಗೊಂಡ್ರೆ ಆಮೇಲೆ ಕಿತ್ತು ಹಾಕೋ ಪಾಡು ತಪ್ಪುತ್ತೆ.

ಎಂಆರ್ ಪ್ಲೈವುಡ್ ಅಗ್ಗ, ಆದ್ರೆ ದಿನಾ ನೀರು ಬಿದ್ದರೆ ಅಂಚು ಉಬ್ಬುತ್ತೆ. ಅಡುಗೆಮನೆಗೆ ಬಿಡಬ್ಲ್ಯೂಆರ್ ದರ್ಜೆ ಅಥವಾ ಐಎಸ್ 710 ಗುರುತಿನ ಮೆರೀನ್ ಪ್ಲೈವುಡ್ ಕೇಳಿ ತಗೊಳ್ಳಿ. 18 ಎಂಎಂ ದಪ್ಪದ 3x2 ಅಡಿ ಹಲಗೆ ಸುಮಾರು 6 ಕೆಜಿ ತೂಗುತ್ತೆ. 8x4 ಅಡಿಯ ಒಂದು ಶೀಟಲ್ಲಿ ಇಂಥ 5 ಹಲಗೆ ಬರುತ್ತೆ. ವಠಾರದ ನಾಲ್ಕೈದು ಮನೆಯವರು ಸೇರಿ ಒಂದೇ ಶೀಟ್ ಕೊಯ್ಯಿಸಿದ್ರೆ ಖರ್ಚು ಹಂಚಿಹೋಗುತ್ತೆ. ಅಂಗಡಿಯವರೂ ಕೊಯ್ದ ಹಲಗೆ, ಬ್ರಾಕೆಟ್, ಬೋಲ್ಟ್ ಸೇರಿಸಿ ಒಂದೇ ಸೆಟ್ ಮಾಡಿ ಮಾರಬಹುದು.

ಗೋಡೆಯೇ ಮುಖ್ಯ

ಟೇಬಲ್ಲಿನ ಹೊರ ಅಂಚಿಗೆ ಭಾರ ಬಿದ್ದಾಗ ಬ್ರಾಕೆಟ್ಟಿನ ಮೇಲ್ಗಡೆ ಬೋಲ್ಟನ್ನ ಅದು ಗೋಡೆಯಿಂದ ಹೊರಕ್ಕೆ ಎಳೆಯುತ್ತೆ. ಹಾಗಾಗಿ ಬರೀ ಗಾರೆ ಹಿಡಿದ ಮೊಳೆ ನಿಲ್ಲಲ್ಲ. ಇಟ್ಟಿಗೆ ಗೋಡೆ, ಗಟ್ಟಿ ಸಿಮೆಂಟ್ ಬ್ಲಾಕಿಗೆ ಆಂಕರ್ ಬೋಲ್ಟ್ ಹಾಕಿಸಿ. ಟೊಳ್ಳು ಬ್ಲಾಕಿಗೆ ಬೇರೆ ಥರದ ಫಾಸ್ಟನರ್ ಬೇಕು. ಹಳೇ ಮಣ್ಣಿನ ಗೋಡೆಗೆ ಇದರ ಸಹವಾಸವೇ ಬೇಡ, ಕಾಲು ಮಡಚೋ ಟೇಬಲ್ ತಗೊಳ್ಳಿ.

ಡ್ರಿಲ್ ಹಾಕೋ ಮೊದಲು ಗೋಡೆಯೊಳಗೆ ವೈರ್, ನೀರಿನ ಪೈಪ್ ಎಲ್ಲಿ ಹೋಗಿದೆ ಅಂತ ಕೇಳ್ಕೊಳ್ಳಿ. ಬಾಡಿಗೆ ಮನೆಯಾದ್ರೆ ಓನರ್ ಒಪ್ಪಿಗೆ ಮೊದಲೇ ಪಡೀರಿ. ಇಲ್ಲಾಂದ್ರೆ ಮನೆ ಬಿಡುವಾಗ ತೂತಿನ ಲೆಕ್ಕ ಅಡ್ವಾನ್ಸಲ್ಲಿ ಮುರಿದುಕೊಳ್ಳೋ ಜಗಳ ಬರುತ್ತೆ.

ಕೆಲಸ ಮುಗಿದ ಮೇಲೆ ಮೊದಲು ಟೇಬಲ್ ಮೇಲೆ 20 ಲೀಟರಿನ ತುಂಬಿದ ನೀರಿನ ಕ್ಯಾನ್ ಒಂದು ರಾತ್ರಿ ಇಟ್ಟು ನೋಡಿ. ಬೋಲ್ಟ್ ಸಡಿಲಾದ್ರೆ, ಗಾರೆ ಬಿರುಕು ಬಿಟ್ರೆ ಬಡಗಿಯನ್ನ ವಾಪಸ್ ಕರೆಸಿ.

ಏನು ಮಾಡಬಾರದು

ಹೆಚ್ಚೋದು, ಚಪಾತಿ ಲಟ್ಟಿಸೋದು, ಮಕ್ಕಳ ಊಟಕ್ಕೆಲ್ಲ ಇದು ಸೈ. ಮುದ್ದೆ ತೊಳಸೋಕೆ, ಒರಳು ಇಡೋಕೆ ಅಲ್ಲ. ಟೇಬಲ್ ಬಿಚ್ಚಿದಾಗ ಬಾಗಿಲಿಗಾಗಲೀ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರಿಗಾಗಲೀ ಅಡ್ಡ ಬರಬಾರದು. ವಾಸನೆ ಬಂದ ಕೂಡಲೇ ಕೈ ಅಲ್ಲಿಗೆ ಹೋಗಬೇಕು. ಮಡಚುವಾಗ ಮಕ್ಕಳ ಬೆರಳು ಸಿಕ್ಕಿಕೊಳ್ಳೋದು ಜಾಸ್ತಿ, ಅದಕ್ಕೆ ತಾನಾಗಿ ಲಾಕ್ ಆಗುವ ಬ್ರಾಕೆಟ್ಟನ್ನೇ ಕೇಳಿ. ತಿಂಗಳಿಗೊಮ್ಮೆ ಬೋಲ್ಟ್ ಬಿಗಿ ನೋಡೋಕೆ ಐದು ನಿಮಿಷ ಸಾಕು.