ಮಹಾಸಭೆಯ ಛಾಯಾಗ್ರಾಹಕರ ಕೆಲಸ

ವಾರ್ಷಿಕ ಮಹಾಸಭೆಯ ದಿನ ಛಾಯಾಚಿತ್ರ ತೆಗೆಯುವ ಹೊಣೆಯನ್ನು ಆಡಳಿತ ಮಂಡಳಿಯು ಒಬ್ಬರಿಗೆ ವಹಿಸಿಕೊಡುವುದು ವಾಡಿಕೆ. ಎಲ್ಲರ ಕಿಸೆಯಲ್ಲೂ ಫೋನ್ ಇರುವಾಗ ಇದಕ್ಕೊಬ್ಬರು ಪ್ರತ್ಯೇಕವಾಗಿ ಏಕೆ ಎಂದು ಕೆಲವು ಸದಸ್ಯರು ಕೇಳುವುದುಂಟು. ಹಿರಿಯ ಬೆಳೆಗಾರರೊಬ್ಬರಿಗೆ ಶಾಲು ಹೊದಿಸಿ ಫಲಕ ಕೊಡುವುದು ಎರಡು ಮೂರು ಸೆಕೆಂಡಿನ ಮಾತು. ಮರುವರ್ಷದ ಸಭೆಯ ವೇಳೆಗೆ ಆ ಹಿರಿಯರು ತೀರಿಹೋಗಿ, ಮನೆಯವರು ಕಚೇರಿಗೆ ಬಂದು "ಅಪ್ಪಯ್ಯನ ಆ ದಿನದ ಫೋಟೋ ಇದ್ದರೆ ಒಂದು ಕೊಡಿ" ಎಂದು ಕೇಳುತ್ತಾರೆ. ಹತ್ತು ಫೋನುಗಳಲ್ಲಿ ಹುಡುಕಿದರೂ ಸಿಗುವುದು ಮಸುಕು ಮುಖ, ಇಲ್ಲವೇ ಅಡ್ಡ ನಿಂತವರ ಬೆನ್ನು. ಹೊಣೆ ಹೊತ್ತವರು ಒಬ್ಬರಿರಬೇಕಾದುದು ಇದಕ್ಕಾಗಿಯೇ.

ಸಭಾಂಗಣದೊಳಗೆ ಎದುರಾಗುವ ಮುಖ್ಯ ತೊಡಕು ಬೆಳಕಿನದು. ಬಯಲಿನ ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್. ಟ್ಯೂಬ್‌ಲೈಟಿನ ಸಭಾಂಗಣದಲ್ಲಿ 200-300 ಲಕ್ಸ್ ಇದ್ದರೆ ಹೆಚ್ಚು. ನಮ್ಮ ಕಣ್ಣು ಕಡಿಮೆ ಬೆಳಕಿಗೆ ತಾನಾಗಿ ಹೊಂದಿಕೊಳ್ಳುವುದರಿಂದ ಈ ಅಂತರ ತಿಳಿಯುವುದಿಲ್ಲ. ಮರಗಸಿ ಮಾಡುವ ಮುನ್ನ ತೋಟದ ನೆರಳನ್ನು ನೋಡಿಕೊಳ್ಳುವಂತೆ, ಛಾಯಾಗ್ರಾಹಕರು ಹಿಂದಿನ ದಿನವೇ ಬಂದು ದೀಪಗಳನ್ನೆಲ್ಲ ಹಾಕಿಸಿ ನಾಲ್ಕು ಚಿತ್ರ ತೆಗೆದು ನೋಡುವುದು ಒಳ್ಳೆಯದು. ಎಫ್ 2.8 ಲೆನ್ಸಿಗೆ ಶಟರ್ 1/100 ಸೆಕೆಂಡು, ಐಎಸ್‌ಒ 1600 ಇಟ್ಟುಕೊಂಡು ಮೊದಲುಮಾಡಬಹುದು. ಎಫ್ 5.6ರ ಸಾಧಾರಣ ಲೆನ್ಸಿಗೆ ನಾಲ್ಕು ಪಟ್ಟು, ಎಂದರೆ 6400 ಬೇಕಾಗುತ್ತದೆ. ಚಿತ್ರದಲ್ಲಿ ತುಸು ರವೆರವೆಯಾಗಿ ಕಂಡರೆ ನಷ್ಟವಿಲ್ಲ. ಕೈ ಅಲುಗಿ ಮಸುಕಾದರೆ ಮಾತ್ರ ಸರಿಪಡಿಸಲು ಬಾರದು.

1/100 ಎಂಬುದಕ್ಕೆ ಕಾರಣವಿದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಹಳೆಯ ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಬಾರಿ ಹೆಚ್ಚುಕಡಿಮೆಯಾಗಿ ಬೆಳಗುತ್ತವೆ. ಶಟರ್ ಅದಕ್ಕಿಂತ ಬಹಳ ವೇಗವಾದರೆ ಒಂದು ಚಿತ್ರ ಬೆಳಗಿ ಮತ್ತೊಂದು ಕಪ್ಪಾಗುತ್ತದೆ, ಅಥವಾ ಅಡ್ಡ ಪಟ್ಟಿಗಳು ಮೂಡುತ್ತವೆ.

ಫ್ಲಾಷ್ ಬಳಸುವವರು ಮುಖಕ್ಕೆ ನೇರವಾಗಿ ಹಿಡಿಯದೆ ಬಿಳಿ ತಾರಸಿಗೋ ಪಕ್ಕದ ಬಿಳಿ ಗೋಡೆಗೋ ತಿರುಗಿಸಿ ಹೊಡೆಯಬೇಕು. ಅಲ್ಲಿಂದ ಹರಡಿ ಬರುವ ಬೆಳಕು ಮೃದು. ಆದರೆ ಮಂಗಳೂರು ಹೆಂಚಿನ ಮಾಡಿಗೆ ಹೊಡೆದರೆ ಮುಖಗಳೆಲ್ಲ ಕೆಂಪು, ನೀಲಿ ಶಾಮಿಯಾನಕ್ಕೆ ಹೊಡೆದರೆ ನೀಲಿ! ದೂರ ಎರಡು ಪಟ್ಟಾದರೆ ಫ್ಲಾಷಿನ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆಂಬುದೂ ನೆನಪಿರಲಿ. ಹತ್ತನೆಯ ಸಾಲಿನಲ್ಲಿ ನಿಂತು ವೇದಿಕೆಯತ್ತ ಹೊಡೆಯುವ ಫ್ಲಾಷು ಮುಂದಿನವರ ತಲೆಗಳನ್ನಷ್ಟೇ ಬೆಳಗುತ್ತದೆ. ದೀಪ ಬೆಳಗಿಸುವಾಗ ಫ್ಲಾಷ್ ಬೇಡವೇ ಬೇಡ, ಜ್ವಾಲೆಯ ಕಾಂತಿಯೇ ಹೋಗಿಬಿಡುತ್ತದೆ.

ವೇದಿಕೆಯ ಹಿಂದಿನ ಕಿಟಕಿಗಳಿಗೆ ಪರದೆ ಹಾಕಿಸಬೇಕು. ಇಲ್ಲದಿದ್ದರೆ ಗಣ್ಯರೆಲ್ಲ ಕಪ್ಪು ನೆರಳುಗಳಾಗುತ್ತಾರೆ. ಅಂದಹಾಗೆ, ಗಣ್ಯರ ಚಿತ್ರ ಐದಾರು ಸಾಕು. ಪ್ರಶ್ನೆ ಕೇಳಲು ಎದ್ದುನಿಂತ ಸದಸ್ಯರು, ಹಿಂದಿನ ಬೆಂಚಿನಲ್ಲಿ ಜಮಾಖರ್ಚಿನ ಪುಟ ತಿರುವುತ್ತ ಕೂತ ಹೆಂಗಸರು, ಠರಾವಿಗೆ ಎತ್ತಿದ ಕೈಗಳು ಇವೆಲ್ಲ ಹೆಚ್ಚಾಗಿ ಬರಲಿ. ನಡವಳಿ ಪುಸ್ತಕಕ್ಕೆ ಅವು ಬದಲಿಯಲ್ಲವಾದರೂ ಅದರಲ್ಲಿ ಬರೆಯದೆ ಉಳಿದುದನ್ನು ತೋರಿಸುತ್ತವೆ.

ಇನ್ನು ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಸ್ವಾಮ್ಯ ತೆಗೆಸಿದವರದು. ಸದಸ್ಯರ ಮಗನೋ ಮಗಳೋ ಪ್ರೀತಿಯಿಂದ ಪುಕ್ಕಟೆಯಾಗಿ ತೆಗೆದುಕೊಟ್ಟರೆ ಸ್ವಾಮ್ಯ ಅವರಲ್ಲೇ ಉಳಿಯುತ್ತದೆ. ಆದ್ದರಿಂದ ಪತ್ರಿಕೆಯಲ್ಲಿ ಅಚ್ಚುಹಾಕಲು, ಕಚೇರಿಯಲ್ಲಿ ತೂಗುಹಾಕಲು, ಸದಸ್ಯರ ಮನೆಯವರಿಗೆ ಪ್ರತಿ ಕೊಡಲು ಅವರಿಂದ ಒಂದು ಪುಟದ ಒಪ್ಪಿಗೆ ಪತ್ರ ಮೊದಲೇ ಪಡೆಯತಕ್ಕದ್ದು.

ಚಿತ್ರಗಳನ್ನು ವಾರದೊಳಗೆ ಕಚೇರಿಗೆ ಒಪ್ಪಿಸಬೇಕು. ಪ್ರತಿಯೊಂದಕ್ಕೂ ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರಿನವರು ಎಂದು ಅದೇ ಸಂಜೆ ಬರೆದಿಡಬೇಕು. ಇದಕ್ಕಾಗಿ ಸದಸ್ಯರನ್ನೆಲ್ಲ ಬಲ್ಲ ಕಚೇರಿಯ ಗುಮಾಸ್ತರೊಬ್ಬರು ಸಭೆ ಮುಗಿದ ಮೇಲೆ ಜೊತೆಯಲ್ಲಿ ಕೂರುವುದು ಅನುಕೂಲ.