ಆಲೂಗಡ್ಡೆಯ ನಿಜಬೀಜ: ಬಿತ್ತುವ ಮುನ್ನ ಅರಿಯಬೇಕಾದುದು

ಕಳೆದ ವರ್ಷದ ಶ್ರಾವಣದಲ್ಲಿ ಚಿಂತಾಕಿಯ ಭಕ್ತೆಯೊಬ್ಬರು ಸೆರಗಿನಲ್ಲಿ ಏಳೆಂಟು ಹಸಿರು ಕಾಯಿ ಕಟ್ಟಿಕೊಂಡು ನನ್ನಲ್ಲಿಗೆ ಬಂದರು. ನೋಡಲು ಎಳೆಯ ಟೊಮ್ಯಾಟೊ. ಹಾಸನದ ಕಡೆಯ ಬೀಗರ ಹೊಲದಲ್ಲಿ ಆಲೂಗಡ್ಡೆಯ ಗಿಡದ ಮೇಲೆ ಬಿಟ್ಟವಂತೆ. ಮೊಮ್ಮಗನು ಒಂದನ್ನು ಕಚ್ಚಿ, ಕಹಿಯೆಂದು ಉಗುಳಿದ್ದನು. ಮಗುವಿಗೆ ಏನಾದೀತು ಎಂಬುದು ಅವರ ಮೊದಲ ಪ್ರಶ್ನೆ. ಈ ಬೀಜ ಹಿತ್ತಲಲ್ಲಿ ಮೊಳೆತೀತೇ ಎಂಬುದು ಎರಡನೆಯದು.

ಆ ಕಾಯಿ ವಿಷಕಾರಿ. ಅದರಲ್ಲಿರುವ ಸೋಲನಿನ್ ವಾಂತಿ, ಹೊಟ್ಟೆನೋವು, ಭೇದಿ ತರುತ್ತದೆ. ಪ್ರಮಾಣ ಮೀರಿದರೆ ನರಮಂಡಲವನ್ನೂ ಬಾಧಿಸುತ್ತದೆ. ಬೇಯಿಸಿದರೂ ಅದು ಹೋಗದು. ಬಾಲಕನು ಉಗುಳಿದ್ದರಿಂದ ಕ್ಷೇಮವಾಗಿದ್ದನು. ನುಂಗಿದ್ದರೆ ಕಷಾಯವೆಂದು ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಆಯುರ್ವೇದ ವೈದ್ಯನಾದ ನಾನೇ ಇದನ್ನು ಹೇಳುತ್ತಿದ್ದೇನೆ. ನಮ್ಮ ಸಂಹಿತೆಗಳಲ್ಲಿ ಬರುವ ಆಲುಕವು ಬೇರೆ ಗೆಣಸುಗಳ ಹೆಸರು. ಈ ಗಡ್ಡೆ ದಕ್ಷಿಣ ಅಮೆರಿಕದ್ದು, ಪೋರ್ಚುಗೀಸರ ಕಾಲದಲ್ಲಿ ಬಂದುದು.

ಎರಡನೆಯ ಪ್ರಶ್ನೆಗೆ ಉತ್ತರ, ಮೊಳೆಯುತ್ತದೆ. ಗಡ್ಡೆಯನ್ನೇ ಬೀಜವಾಗಿ ನೆಟ್ಟರೆ ವೈರಾಣು ರೋಗಗಳು ವರ್ಷದಿಂದ ವರ್ಷಕ್ಕೆ ಸಾಗುತ್ತವೆ. ನಿಜಬೀಜದಲ್ಲಿ ಅವುಗಳಲ್ಲಿ ಬಹುಪಾಲು ಬರುವುದಿಲ್ಲ. ಹೆಕ್ಟೇರಿಗೆ ಎರಡು ಟನ್ನಿಗೂ ಮಿಕ್ಕಿ ಗಡ್ಡೆ ಬೇಕಾದಲ್ಲಿ ನೂರು ಗ್ರಾಮಿನ ಆಸುಪಾಸು ಬೀಜ ಸಾಕು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಇಂಥ ಸಂಕರ ಬೀಜಗಳನ್ನು ರೂಪಿಸಿತು; ತ್ರಿಪುರಾದ ರೈತರು ಅವನ್ನು ವ್ಯಾಪಕವಾಗಿ ಬಳಸಿದರು. ನಮ್ಮ ಬೀದರಿನಲ್ಲಿ ಇದು ಚಳಿಗಾಲದ ಬೆಳೆ. ಹಗಲು ಚಿಕ್ಕದಾದ್ದರಿಂದ ಗಿಡ ಹೂ ಬಿಟ್ಟು ಕಾಯಿ ಕಟ್ಟುವುದು ಅಪರೂಪ.

ಕಾಯಿ ಮೆತ್ತಗಾದ ಮೇಲೆ ಹಿಚುಕಿ, ಒಂದೆರಡು ದಿನ ನೀರಿನಲ್ಲಿಟ್ಟು, ತೊಳೆದು ನೆರಳಲ್ಲಿ ಒಣಗಿಸಬೇಕು. ಹೊಸ ಬೀಜಕ್ಕೆ ಆರು ತಿಂಗಳ ನಿದ್ರೆ ಉಂಟು. ದಸರೆಯ ನಂತರ ಬಿಸಿಲ ತಾಪ ಇಳಿದ ಮೇಲೆ ಬಿತ್ತುವುದು ಲೇಸು. ಸೆಖೆಯಲ್ಲಿ ಮೊಳಕೆ ಬಾರದು. ಔರಾದಿನ ಎರೆಮಣ್ಣು ಒಣಗಿದೊಡನೆ ಹೆಪ್ಪುಗಟ್ಟಿ ಈ ಸಾಸಿವೆಗಿಂತ ಸಣ್ಣ ಬೀಜವನ್ನು ಅದುಮಿಬಿಡುತ್ತದೆ. ಆದ್ದರಿಂದ ಮರಳು ಮತ್ತು ಚೆನ್ನಾಗಿ ಕೊಳೆತ ಗೊಬ್ಬರವನ್ನು ಜರಡಿ ಹಿಡಿದು ಬೆರೆಸಿದ ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿರಿ. ನಾಲ್ಕೈದು ಎಲೆ ಮೂಡಿದಾಗ, ಸುಮಾರು ತಿಂಗಳಿಗೆ, ಸಂಜೆಯ ಹೊತ್ತು ನಾಟಿ ಮಾಡಿ ಮುಂದೆ ಮಣ್ಣು ಏರಿಸಿರಿ.

ಮೊದಲ ವರ್ಷದ ಗಡ್ಡೆಗಳಲ್ಲಿ ಹೆಚ್ಚಿನವು ಅಡಿಕೆ, ನಿಂಬೆಯಷ್ಟೇ. ಒಂದೇ ತಾಯಿಯ ಮಕ್ಕಳಂತೆ ಪ್ರತಿ ಗಿಡವೂ ಬೇರೆ. ಬಣ್ಣ ಬೇರೆ, ರುಚಿ ಬೇರೆ, ವಿಷಾಂಶವೂ ಬೇರೆ. ಅಂಗಡಿಯ ಆಲೂಗಡ್ಡೆಯನ್ನು ಯಾರೋ ಪರೀಕ್ಷಿಸಿರುತ್ತಾರೆ, ಇಲ್ಲಿ ಪರೀಕ್ಷಕರು ನೀವೇ. ಆದ್ದರಿಂದ ಗಿಡವೊಂದರ ಗಡ್ಡೆಯನ್ನು ಮತ್ತೊಂದರೊಡನೆ ಬೆರೆಸದಿರಿ. ಬೇಯಿಸಿದ ಚಿಕ್ಕ ತುಂಡನ್ನು ಹಿರಿಯರೊಬ್ಬರು ನಾಲಗೆಗೆ ಮುಟ್ಟಿಸಲಿ. ಕಹಿಯೋ ಗಂಟಲಲ್ಲಿ ಉರಿಯೋ ಕಂಡರೆ ಉಗುಳಿ, ಆ ಗಿಡದ ಗಡ್ಡೆಗಳನ್ನೆಲ್ಲ ಹೂಳಿಬಿಡಿ, ದನಕ್ಕೂ ಹಾಕಬೇಡಿ. ಉತ್ತಮವಾದವುಗಳಲ್ಲಿ ಕೆಲವನ್ನು ಮುಂದಿನ ನಾಟಿಗೆ ಮಂದ ಬೆಳಕಿನ ತಂಪು ಜಾಗದಲ್ಲಿಡಿ. ಅವು ಹಸಿರಾಗುತ್ತವೆ, ನೆಡಲು ದೋಷವಿಲ್ಲ, ತಿನ್ನಲು ಆಗದು. ಆ ಬುಟ್ಟಿ ಅಡುಗೆಮನೆಯಲ್ಲಿ ಇರಕೂಡದು.

ಆ ತಾಯಿಯ ಬೀಜವು ವರ್ಷವಿಡೀ ಕಾಗದದ ಪೊಟ್ಟಣದಲ್ಲಿ ಮಲಗಿದೆ. ಈ ದಸರೆ ಕಳೆದ ಮೇಲೆ ಬಿತ್ತುವುದಾಗಿ ಹೇಳಿ ಕಳುಹಿಸಿದ್ದಾರೆ. ಕಾಯಿ ಬಿಟ್ಟರೆ ಮೊಮ್ಮಗನ ಕೈಗೆ ಸಿಗುವ ಮುಂಚೆ ಚಿವುಟುವೆನೆಂದೂ ಸೇರಿಸಿದ್ದಾರೆ.