ಜಡೆಯೂ ಜಟೆಯೂ

ರಾಯಚೂರಿನ ಬೇಸಗೆಯ ಸಂಜೆ. ಹಗಲೆಲ್ಲ ನಲವತ್ತು ಡಿಗ್ರಿಗೂ ಮೀರಿ ಕಾದ ಅಂಗಳದ ಕಲ್ಲುಚಪ್ಪಡಿಗೆ ನೀರು ಚಿಮುಕಿಸಿ, ತಾಯಿ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಲು ತೊಡಗುತ್ತಾಳೆ. ಬಟ್ಟಲಲ್ಲಿ ಎಣ್ಣೆ, ಪಕ್ಕದಲ್ಲಿ ಬಾಚಣಿಗೆ, ಸೀರಣಿಗೆ. ಸಿಕ್ಕು ಬಿಡಿಸುವಾಗ ಮಗಳು “ಯವ್ವಾ, ನೋಯ್ತದ” ಎನ್ನುತ್ತಾಳೆ. “ಸುಮ್ನ ಕೂಡು” ಎಂದು ತಾಯಿ ನೆತ್ತಿಯ ಮೇಲೊಂದು ಮೊಟಕುತ್ತಾಳೆ. ಮೂರೆಳೆಯ ಹೆರಳು ಹೆಣೆದು, ತುದಿಗೆ ಕಪ್ಪು ನೂಲಿನ ಕುಚ್ಚು ಕಟ್ಟಿದಲ್ಲಿಗೆ ಕೆಲಸ ಮುಗಿಯುತ್ತದೆ. ಮನೆಯವರಾರೂ ಇದನ್ನು ದೊಡ್ಡ ಕೆಲಸವೆಂದು ಎಣಿಸುವುದಿಲ್ಲ.

ಆದರೆ ಇದೇ ಜಿಲ್ಲೆಯ ಮಾನ್ವಿ, ದೇವದುರ್ಗದ ಕಡೆಯ ಹಳ್ಳಿಗಳಲ್ಲಿ, ಈ ಕಾಲು ಗಂಟೆಯ ಕೆಲಸ ನಡೆಯಿತೇ ಇಲ್ಲವೇ ಎಂಬುದರ ಮೇಲೆ ಹೆಣ್ಣುಮಗುವಿನ ಇಡೀ ಬಾಳೇ ತಿರುಗಿಬಿಡುತ್ತಿದ್ದುದುಂಟು. ಆ ಮಾತಿಗೆ ಬರುವ ಮುನ್ನ, ಕೂದಲಿಗೂ ನೂಲಿಗೂ ಇರುವ ಹಳೆಯ ನಂಟನ್ನು ಸ್ವಲ್ಪ ನೋಡಬೇಕು.

ಕೂದಲಿಗೆ ನೂಲಿನ ಕಾವಲು

ಕೂದಲಿನೊಡನೆ ನೂಲನ್ನು ಸೇರಿಸಿ ಹೆಣೆಯುವುದು ಕನ್ನಡದ ಮನೆಗಳಿಗೆ ಹೊಸದಲ್ಲ. ಕೂದಲು ಗಿಡ್ಡವಾದಲ್ಲಿ ಚೌರಿ, ತುದಿ ಬಿಚ್ಚಿಕೊಳ್ಳದಂತೆ ಕುಚ್ಚು, ಹಬ್ಬ ಹರಿದಿನಗಳಲ್ಲಿ ಜಡೆಬಿಲ್ಲೆ. ರಾಯಚೂರು ಸೀಮೆಯ ತಾಂಡಾಗಳ ಹಿರಿಯ ಲಂಬಾಣಿ ಹೆಂಗಸರು ಕೆನ್ನೆಯ ಇಕ್ಕೆಲದ ಕೂದಲೆಳೆಗಳಿಗೆ ಘುಗ್ರಿ, ಟೋಪ್ಲಿಗಳನ್ನು ಕಟ್ಟಿ ಇಳಿಬಿಡುತ್ತಾರೆ. ಅವರಲ್ಲಿ ಅದು ಮದುವೆಯಾದ ಹೆಣ್ಣಿನ ಗುರುತು.

ಕಡಲಾಚೆಗೆ ಹೋದರೆ, ಆಫ್ರಿಕದ ಹೆಂಗಸರು ಈ ವಿದ್ಯೆಯನ್ನು ಇನ್ನೂ ಮುಂದಕ್ಕೆ ಒಯ್ದಿರುವುದು ಕಾಣುತ್ತದೆ. ನೈಜೀರಿಯದ ಯೊರುಬಾ ಜನರಲ್ಲಿ ಕೂದಲನ್ನು ಪಾಲುಪಾಲಾಗಿ ವಿಂಗಡಿಸಿ, ಬುಡದಿಂದ ತುದಿಯವರೆಗೆ ಕಪ್ಪು ದಾರವನ್ನು ಸುತ್ತುವ ಪದ್ಧತಿ ಬಹು ಹಿಂದಿನಿಂದ ಬಂದದ್ದು. ಅವರಿಗೆ ಅದು ಸೊಗಸಿನ ಮಾತಷ್ಟೇ ಅಲ್ಲ. ನೆತ್ತಿಯ ಚರ್ಮದಲ್ಲಿ ಒಸರುವ ಜಿಡ್ಡು ನೇರವಾದ ಕೂದಲಿನಲ್ಲಿ ಸರಾಗವಾಗಿ ಕೆಳಗಿಳಿಯುತ್ತದೆ. ಸುರುಳಿಗೂದಲಿನಲ್ಲಿ ಅರ್ಧದಲ್ಲೇ ನಿಂತುಬಿಡುತ್ತದೆ. ಹೀಗಾಗಿ ತುದಿ ಒಣಗುತ್ತದೆ, ಬಾಗಿದ ಕಡೆಗಳಲ್ಲೆಲ್ಲ ಎಳೆ ಮುರಿಯುತ್ತದೆ. ದಿನದಿನವೂ ಬಾಚುವ ಹಿಂಸೆಯಿಂದ, ಬಿಸಿಲಿನಿಂದ, ಧೂಳಿನಿಂದ ಕೂದಲನ್ನು ಕೆಲವು ವಾರ ಮರೆಮಾಡುವ ಉಪಾಯವೇ ಈ ನೂಲಿನ ಸುತ್ತು. ಅಮೆರಿಕದ ಕರಿಯ ಹೆಂಗಸರಲ್ಲಿ ಇಂದು ಬಳಕೆಯಲ್ಲಿರುವ ಉಣ್ಣೆಯ ನೂಲಿನ ಹೊಸೆಜಡೆಯೂ ಇದೇ ಬಳಗಕ್ಕೆ ಸೇರಿದ್ದು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಯರ ಪೂರ್ವಿಕರು ಬಂದದ್ದೂ ಆಫ್ರಿಕದಿಂದಲೇ.

ಹೊಸೆಯುವ ಬಗೆ

ಈ ಹೊಸೆಜಡೆಯನ್ನು ಮಾಡಿ ನೋಡಬಯಸುವವರಿಗೆ ಬೇಕಾದುದು ಒಂದು ಉಂಡೆ ದಾರ, ಒಂದು ಬಾಚಣಿಗೆ, ಮತ್ತು ಸಾಕಷ್ಟು ತಾಳ್ಮೆ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿದರೆ ಕೊಡುವ ದಾರ ಬಹುಮಟ್ಟಿಗೆ ಅಕ್ರಿಲಿಕ್ಕೇ ಆಗಿರುತ್ತದೆ. ಈ ಕೆಲಸಕ್ಕೆ ಅದೇ ಲೇಸು. ನಿಜವಾದ ಉಣ್ಣೆ ಕೂದಲಿನ ಎಣ್ಣೆಯನ್ನೂ ತೇವವನ್ನೂ ಹೀರಿಕೊಂಡು, ಕಾಯಬೇಕಾದ ಕೂದಲನ್ನೇ ಒಣಗಿಸುತ್ತದೆ.

ಮೊದಲು ತಲೆ ತೊಳೆದು, ಪೂರ್ತಿ ಒಣಗಿಸಿ, ಒಂದು ಸಿಕ್ಕೂ ಉಳಿಯದಂತೆ ಬಾಚಬೇಕು. ಅನಂತರ ಸಣ್ಣ ಸಣ್ಣ ಪಾಲುಗಳಾಗಿ ಬೈತಲೆ ತೆಗೆದು, ಒಂದೊಂದು ಪಾಲಿನ ಬುಡಕ್ಕೂ ಮಡಿಸಿದ ದಾರವನ್ನು ಸೇರಿಸಿ, ಎರಡು ಎಳೆಗಳಾಗಿ ವಿಭಾಗಿಸಬೇಕು. ಎರಡನ್ನೂ ಬಲಕ್ಕೆ ಹುರಿಗೊಳಿಸಿ, ಒಂದರ ಮೇಲೊಂದನ್ನು ಎಡಕ್ಕೆ ಸುತ್ತುತ್ತ ಹೋದರೆ ಹೊಸೆತ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ರೈತ ಹಗ್ಗ ಹೊಸೆಯುವುದೂ ಇದೇ ನಿಯಮದಿಂದ. ತುದಿಗೆ ಗಂಟು ಹಾಕಿದರೆ ಸಾಕು. ಬೆಂಕಿ ತಗುಲಿಸಿ ಅಂಟಿಸುವ ಸಾಹಸ ಬೇಡ.

ಎಚ್ಚರಿಕೆಯ ಮಾತುಗಳು ಎರಡು. ಬುಡದಲ್ಲಿ ಬಿಗಿ ಮಾಡಬಾರದು. ತಿಂಗಳುಗಟ್ಟಲೆ ಎಳೆತಕ್ಕೆ ಸಿಕ್ಕಿದ ಕೂದಲ ಬೇರು ಸೋತು, ಹಣೆಯಂಚು ಬೋಳಾಗತೊಡಗುತ್ತದೆ. ಹೊಸೆದ ದಿನವೇ ನೆತ್ತಿ ನೋಯತೊಡಗಿದರೆ ಕೂಡಲೆ ಬಿಚ್ಚಿಬಿಡುವುದು ಮೇಲು. ಎರಡನೆಯದು, ಕಾಲಕ್ಕೆ ಸರಿಯಾಗಿ ಬಿಚ್ಚುವುದು. ಸುರುಳಿಗೂದಲಿನವರು ಆರೆಂಟು ವಾರ ಇಟ್ಟುಕೊಳ್ಳುವುದುಂಟು. ನಮ್ಮ ನೇರಗೂದಲಿನಲ್ಲಿ ದಾರ ಬೇಗ ಜಾರುವುದರಿಂದ ಎರಡು ಮೂರು ವಾರವೇ ಸಾಕು. ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಸಹಜವಾಗಿಯೇ ಉದುರುತ್ತವೆ. ಬಾಚಿದಾಗ ಅವು ಬಾಚಣಿಗೆಗೆ ಬರುತ್ತವೆ. ಬಾಚದಿದ್ದಾಗ ಎಲ್ಲಿಗೂ ಹೋಗದೆ, ಜೀವಂತ ಕೂದಲಿಗೇ ಸುತ್ತಿಕೊಂಡು ಗಂಟಾಗುತ್ತವೆ. ಕಾಯಲೆಂದು ಹೊಸೆದ ಜಡೆ ಹೀಗೆ ಜಟೆಯಾಗುತ್ತದೆ.

ಸಿಕ್ಕು ದೈವವಾದಾಗ

ಜಡೆ, ಜಟೆ ಎರಡೂ ಮೂಲದಲ್ಲಿ ಒಂದೇ ಮಾತು. ಸಂಸ್ಕೃತದ ಜಟೆಯೇ ಕನ್ನಡದ ಬಾಯಲ್ಲಿ ಜಡೆಯಾಯಿತು. ಆದರೆ ಒಂದು ಕೈಯಿಂದ ಹೆಣೆದದ್ದು, ಇನ್ನೊಂದು ಕೈಬಿಟ್ಟಾಗ ಬೆಳೆದದ್ದು. ಕೂದಲಿನ ಮೈಮೇಲೆ ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಕೂತ ಸಣ್ಣ ಪದರಗಳಿವೆ. ಬೆವರು, ಧೂಳು, ಹೇನು, ಉಜ್ಜಾಟ ಇವೆಲ್ಲ ಸೇರಿದಾಗ ಆ ಪದರಗಳು ಒಂದಕ್ಕೊಂದು ಕಚ್ಚಿಕೊಂಡು, ಉಣ್ಣೆ ಒತ್ತೊತ್ತಾಗಿ ಕಂಬಳಿಯಂತೆ ಗಟ್ಟಿಯಾಗುವ ಹಾಗೆ ಕೂದಲೂ ಗಟ್ಟಿಯಾಗುತ್ತದೆ. ಜಟೆಯ ಗುಟ್ಟು ಇಷ್ಟೇ.

ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಎರೆಭೂಮಿಯಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ, ಕೂಲಿಯ ತಾಯಿ ಬೆಳಕು ಹರಿಯುವ ಮುನ್ನ ಹೊಲಕ್ಕೆ ಹೊರಡುತ್ತಾಳೆ. ಮಾನ್ವಿಯ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ನಾಟಿಯ ಕಾಲದಲ್ಲಿಯೂ ಹಾಗೆಯೇ. ತಲೆಗೆ ಎಣ್ಣೆಯಿಲ್ಲ, ಬಾಚಲು ಹೊತ್ತಿಲ್ಲ. ಮಗುವಿನ ಕತ್ತಿನ ಹಿಂದೆ ಮೊದಲ ಗಂಟು ಬೀಳುತ್ತದೆ. ಅನುಕೂಲಸ್ಥರ ಮನೆಯಲ್ಲಾದರೆ ಅದು ಒಂದು ಸಂಜೆಯ ಅಳುವಿನಲ್ಲಿ ಬಗೆಹರಿಯುವ ಸಂಗತಿ. ಇಲ್ಲಿ ನೆರೆಯವರು ಬಂದು ನೋಡಿ, “ಎಲ್ಲಮ್ಮ ಬಂದಾಳ, ಜಡಿ ಬಿಟ್ಟಾಳ” ಎಂದರೆ ಮುಗಿಯಿತು. ಅಲ್ಲಿಂದ ಮುಂದೆ ಬಾಚಣಿಗೆ ಮುಟ್ಟಿಸುವುದೇ ಅಪಚಾರವಾಗುತ್ತಿತ್ತು. ಮಂಗಳವಾರ, ಶುಕ್ರವಾರ ಆ ಗಂಟಿಗೆ ಭಂಡಾರ ಹಚ್ಚಿ ಪೂಜೆ. ಅರಿಸಿನದ ಪುಡಿ ಸೇರಿ ಗಂಟು ಇನ್ನಷ್ಟು ಬಿಗಿಯುತ್ತಿತ್ತು. ಬಿಗಿದಷ್ಟೂ ನಂಬಿಕೆಯೂ ಬಲಿಯುತ್ತಿತ್ತು.

ಇದರ ಕೊನೆ ಸವದತ್ತಿಯ ಏಳುಕೊಳ್ಳದ ಎಲ್ಲಮ್ಮನ ಹೆಸರಿನಲ್ಲಿಯೋ ಹುಲಿಗಿಯ ಹುಲಿಗೆಮ್ಮನ ಹೆಸರಿನಲ್ಲಿಯೋ ಹುಡುಗಿಗೆ ಮುತ್ತು ಕಟ್ಟುವುದು. ಕೆಂಪು ಬಿಳಿ ಮಣಿಗಳ ಆ ಸರ ಕೊರಳಿಗೆ ಬಿದ್ದ ಮೇಲೆ ಅವಳಿಗೆ ಮದುವೆಯಿಲ್ಲ. ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ಹೀಗೆ ದೇವದಾಸಿಯರಾದವರು ಬಹುಪಾಲು ದಲಿತರ ಮನೆಯ ಹೆಣ್ಣುಮಕ್ಕಳು. ಗಂಡು ಸಂತಾನವಿಲ್ಲದ ಮನೆಯನ್ನು ಸಾಕಲೆಂದು, ಹರಕೆ ತೀರಿಸಲೆಂದು, ಮದುವೆಯ ಖರ್ಚಿಗೆ ಹೆದರಿ ಮುತ್ತು ಕಟ್ಟಿಸಿದವರೂ ಇದ್ದರು. ಕಾರಣ ಬಡತನ ಮತ್ತು ಜಾತಿ, ಜಟೆ ನೆಪ. ಅನುಕೂಲಸ್ಥರ ಮಗಳ ತಲೆಯ ಗಂಟು ಬರಿಯ ಗಂಟಾಗಿ ಉಳಿದು, ಕೂಲಿಯವಳ ಮಗಳ ತಲೆಯ ಗಂಟು ಮಾತ್ರ ದೇವಿಯ ಕರೆಯಾದುದರಲ್ಲೇ ಇದರ ಮರ್ಮವೆಲ್ಲ ಇದೆ.

ಪೋಲೆಂಡಿನ ಪಾಠ

ಇಂಥ ನಂಬಿಕೆ ನಮ್ಮ ನಾಡಿಗಷ್ಟೇ ಮೀಸಲಾದದ್ದೆಂದು ತಿಳಿಯಬೇಕಾಗಿಲ್ಲ. ಯೂರೋಪಿನ ಪೋಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಜಟೆ ಸಾಮಾನ್ಯವಾಗಿತ್ತು. ಮೈಯೊಳಗಿನ ರೋಗ ಅದರ ಮೂಲಕ ಹೊರಬರುತ್ತದೆ, ಕತ್ತರಿಸಿದರೆ ಕುರುಡೋ ಹುಚ್ಚೋ ಹಿಡಿಯುತ್ತದೆ ಎಂದು ಜನ ಅಂಜುತ್ತಿದ್ದರು. ಕ್ರಾಕೋವಿನ ವೈದ್ಯ ಯೂಸೆಫ್ ದೀಟ್ಲ್, ಇದು ರೋಗವಲ್ಲ, ಬಾಚದಿರುವುದರ ಫಲ ಎಂದು ಹೋರಾಡಿದ. ಜಟೆಯವರ ಗಣತಿಗೆ ಅವನು ತೊಡಗಿದಾಗ, ಜಟೆಗೆ ತೆರಿಗೆ ಬೀಳುತ್ತದೆಂಬ ಸುದ್ದಿ ಹಬ್ಬಿ, ಎಷ್ಟೋ ಜನ ತಾವೇ ಕತ್ತರಿ ಹಿಡಿದರಂತೆ! ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಳಕರರು 1989ರಲ್ಲಿ ಸ್ಥಾಪಿಸಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಹೆದರಿಸುವ ದಾರಿ ಹಿಡಿಯಲಿಲ್ಲ. ಜಟೆ ಹೊತ್ತ ಹೆಂಗಸರ ಮನೆಗೆ ಹೋಗಿ, ಮತ್ತೆ ಮತ್ತೆ ಮಾತಾಡಿ, ಅವರ ಒಪ್ಪಿಗೆ ಪಡೆದ ಮೇಲೆಯೇ ಕತ್ತರಿಸುತ್ತಾರೆ.

ತಡವಾಗಿ ಬಂದ ಕಾನೂನು

ಮುತ್ತು ಕಟ್ಟುವುದನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದರಾಸಿನಲ್ಲಿ 1947ರಲ್ಲಿ ಕಾನೂನುಗಳಾದವು. ರಾಯಚೂರು ಎರಡಕ್ಕೂ ಸೇರಿರಲಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆ, 1956ರವರೆಗೆ ಹೈದರಾಬಾದು ರಾಜ್ಯ. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಬಂದದ್ದು 1982ರಲ್ಲಿ. ಅದರಲ್ಲಿ ಸಮರ್ಪಣೆ ಮಾಡಿಸಿದವರಿಗೆ ಮೂರು ವರ್ಷದವರೆಗೆ ಸೆರೆ ಎಂದಿತ್ತು. ಹೆತ್ತವರೇ ಮಾಡಿಸಿದರೆ ಐದು ವರ್ಷದವರೆಗೆ ಎಂದಿತ್ತು. ಆದರೂ 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ ಗುರುತಿಸಿದ ದೇವದಾಸಿಯರ ಸಂಖ್ಯೆ 46,660. ರಾಯಚೂರು ಜಿಲ್ಲೆಯೂ ಆ ಪಟ್ಟಿಯಲ್ಲಿದೆ.

ಕಾಯಿದೆ ಮುತ್ತು ಕಟ್ಟುವ ಕೈಯನ್ನು ಹಿಡಿಯಬಲ್ಲದು. ಮಗುವಿನ ತಲೆ ಬಾಚಲಾರದು. ಅದಕ್ಕೆ ತಾಯಿಗೆ ಕೂಲಿಯ ನಡುವೆ ಒಂದಿಷ್ಟು ಬಿಡುವು ಬೇಕು, ಬಟ್ಟಲಲ್ಲಿ ಎಣ್ಣೆ ಬೇಕು, ಮಗುವಿಗೆ ಶಾಲೆ ಬೇಕು. ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಮುಂದೆ ನಿಂತರೆ, ಎರಡು ಜಡೆ ಮಡಚಿ ರಿಬ್ಬನ್ನು ಕಟ್ಟಿಕೊಂಡ ಹುಡುಗಿಯರ ಸಾಲು ಕಾಣುತ್ತದೆ. ಒಂದೊಂದು ಜಡೆಯ ಹಿಂದೆಯೂ, ಆ ಬೆಳಗ್ಗೆ ಯಾರೋ ಒಬ್ಬರು ಕೂತು ಸಿಕ್ಕು ಬಿಡಿಸಿದ ಕಾಲು ಗಂಟೆ ಇದೆ.